ಎಷ್ಟನೇ ಸಲದ್ದು?

"ಅಕ್ಕೋರೆ, ಎಷ್ಟನೇ ಸಲದ್ದು ಕಳಸ್ಲಿ?" ಎಂದು ಹತ್ತು ವರ್ಷದ ಹುಡುಗಿಯೊಬ್ಬಳು ಫೋನಿನಲ್ಲಿ ಕೇಳಿದಾಗ ನಾನು ಕುಕ್ಕರಿನ ಸೀಟಿ ಎಣಿಸುತ್ತ ನಿಂತಿದ್ದೆ. ಪ್ರಶ್ನೆ ಪೂರ್ತಿ ತಲೆಗೆ ಹೋಗುವ ಮೊದಲೇ, "ಎಲ್ಲಾದಕ್ಕಿಂತ ಚಲೋ ಬಂದದ್ದು ಕಳಸವ್ವಾ" ಎಂದುಬಿಟ್ಟೆ. ಒಗ್ಗರಣೆಗೆ ಸಾಸಿವೆ ಹಾಕಿದಷ್ಟು ಸಲೀಸಾಗಿ ಆಡಿದ ಆ ಮಾತು ಆಮೇಲೆ ನನ್ನನ್ನು ಬಹಳ ದಿನ ಕಾಡಿತು.

ಅದು 2020ರ ಜುಲೈ ತಿಂಗಳ ಮೊದಲ ವಾರ. ದಾಂಡೇಲಿಯಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಸಂಗೀತ ಹೇಳಿಕೊಡುತ್ತ ನಾನು ಹಲವು ವರ್ಷ ಕಳೆದಿದ್ದೇನೆ. ಹಳಿಯಾಳ, ಜೋಯಿಡಾದ ಮಕ್ಕಳು ಭಾನುವಾರದ ಬಸ್ಸಿಗೆ ಬರುತ್ತಿದ್ದರು. ಮುಂಡಗೋಡದ ಇಬ್ಬರು ದೂರದ ದಾರಿಯೆಂದು ತಿಂಗಳಿಗೊಮ್ಮೆ ಬರುತ್ತಿದ್ದರು. ಪ್ರತಿ ವರ್ಷ ಗುರುಪೂರ್ಣಿಮೆಗೆ ಒಂದು ಸಭಾಭವನ ಹಿಡಿದು, ಜಮಖಾನ ಹಾಸಿ, ಮಕ್ಕಳಿಂದ ಹಾಡಿಸುವುದು ನಮ್ಮ ಪದ್ಧತಿ. ಬಂದವರಿಗೆಲ್ಲ ಶಿರಾ, ಅವಲಕ್ಕಿ, ಚಹಾ. ಆ ವರ್ಷ ಗುರುಪೂರ್ಣಿಮೆ ಜುಲೈ 5ಕ್ಕೆ ಬಂತು. ರಾಜ್ಯದಲ್ಲಿ ಭಾನುವಾರದ ಲಾಕ್‌ಡೌನ್ ಶುರುವಾದದ್ದೂ ಅದೇ ದಿನ. ಬಾಗಿಲಿನಿಂದ ಆಚೆ ಕಾಲಿಡುವಂತಿಲ್ಲ. ಹಾಗಾಗಿ ಹದಿನಾಲ್ಕು ಮಕ್ಕಳ ಗಾಯನವನ್ನು ಫೋನಿನಲ್ಲೇ ನಡೆಸುವುದೆಂದು ನಿಶ್ಚಯಿಸಿದೆವು.

ಪಾಠ ಏಪ್ರಿಲಿನಿಂದಲೇ ಫೋನಿಗೆ ಬಂದಿತ್ತು. ಅದರ ಕಷ್ಟಗಳು ನಮಗೆ ಒಂದೊಂದಾಗಿ ತಿಳಿದಿದ್ದವು. ಮೊದಲನೆಯದಾಗಿ, ಕೂಡಿ ಹಾಡಲು ಬರುವುದಿಲ್ಲ. ನನ್ನ ಧ್ವನಿ ಹೊರಟು ಮುಂಡಗೋಡ ತಲುಪುವುದಕ್ಕೆ ಕ್ಷಣದ ಒಂದು ಪಾಲು ಬೇಕು, ಅಲ್ಲಿಯ ಉತ್ತರ ಮರಳಿ ಬರಲು ಮತ್ತೊಂದು ಪಾಲು. ಮಾತಿಗೆ ಅಷ್ಟು ತಡ ಏನೂ ಅಲ್ಲ. ತಾಳಕ್ಕೆ ಮಾತ್ರ ಅದು ದೊಡ್ಡ ಕಂದಕ. ನಾನಿಲ್ಲಿ ತೀನ್‌ತಾಳದ ಸಮಕ್ಕೆ ಬರುವಾಗ ಹುಡುಗಿ ಅಲ್ಲಿ ಇನ್ನೂ ಹದಿನೈದನೆಯ ಮಾತ್ರೆಯಲ್ಲಿರುತ್ತಾಳೆ. ಆದ್ದರಿಂದ ಒಬ್ಬರು ಹಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಎರಡನೆಯದು ಇನ್ನೂ ವಿಚಿತ್ರ. ಮಕ್ಕಳು ಪಕ್ಕದಲ್ಲಿ ತಂಬೂರಿ ಹಚ್ಚಿಕೊಂಡೇ ಹಾಡುತ್ತಿದ್ದರೂ ನನಗೆ ಅದು ಕೇಳಿಸುತ್ತಲೇ ಇರಲಿಲ್ಲ. ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನದೋ ಮೋಟಾರಿನದೋ ಎಂದು ತಿಳಿದು ಅಳಿಸಿಹಾಕುವ ಏರ್ಪಾಡು ಅದರೊಳಗಿದೆಯಂತೆ. ನಾವು ಆಧಾರವೆಂದು ತಿಳಿದ ಶ್ರುತಿ ಯಂತ್ರಕ್ಕೆ ಬರೀ ಗದ್ದಲ! ಆ ಏರ್ಪಾಡನ್ನು ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ನನ್ನ ತಮ್ಮನ ಮಗ ಹುಡುಕಿ ತೋರಿಸಿದ ಮೇಲೆ ತಂಬೂರಿ ಮರಳಿ ಬಂತು.

ಮೂರನೆಯ ಕಷ್ಟಕ್ಕೆ ಗುಂಡಿ ಇರಲಿಲ್ಲ. ಜೋಯಿಡಾದ ಹುಡುಗಿಯ ಊರಿನಲ್ಲಿ ಸಿಗ್ನಲ್ ಬರುವುದು ಮನೆಯಿಂದಾಚೆ ಗುಡ್ಡದ ನೆತ್ತಿಯಲ್ಲಿ ಮಾತ್ರ. ಆಷಾಢದ ಮಳೆಯಲ್ಲಿ ಹೆಣ್ಣುಮಗುವನ್ನು ಸಂಜೆ ಹೊತ್ತು ಗುಡ್ಡ ಹತ್ತಿಸಿ ಹಾಡೆನ್ನುವುದು ಹೇಗೆ? ಕರೆಂಟಿನ ಪಾಡೂ ಅಷ್ಟೇ. ಕಾಳಿ ನದಿಗೆ ಅಣೆಕಟ್ಟು ಬಂದಾಗ ತಾಲ್ಲೂಕಿನ ಮುಖ್ಯ ಊರಾಗಿದ್ದ ಸೂಪಾವನ್ನೇ ನೀರಿಗೆ ಕೊಟ್ಟು ನಾಡಿಗೆ ಬೆಳಕು ಕಳಿಸಿದ ಸೀಮೆ ಅದು. ಅಲ್ಲಿಯ ಮಗು ಹಾಡುವ ಹೊತ್ತಿಗೆ ಅದರ ಮನೆಯಲ್ಲಿ ಕತ್ತಲೆ. ಅದಕ್ಕೇ ನಾನು, "ಮನೆಯಲ್ಲೇ ಹಾಡಿ ರೆಕಾರ್ಡ್ ಮಾಡು, ಅಪ್ಪ ಪೇಟೆಗೆ ಬಂದಾಗ ಕಳಿಸಲಿ" ಎಂದೆ.

ಒಬ್ಬಳಿಗೆ ಕೊಟ್ಟ ಸವಲತ್ತು ಉಳಿದವರ ಕಿವಿಗೆ ಬೀಳಲು ತಡವಾಗಲಿಲ್ಲ. "ಅಕಿಗಷ್ಟೇ ಯಾಕ್ರಿ? ನಮ್ಮಕೀಗೂ ಅಂಜಿಕಿ ಆಗ್ತದ" ಎಂದು ಒಬ್ಬ ತಾಯಿ ಕೇಳಿದರು. ನ್ಯಾಯವಾದ ಮಾತೇ ಅನ್ನಿಸಿತು. ಕಡೆಗೆ ಹದಿನಾಲ್ಕರಲ್ಲಿ ಒಂಬತ್ತು ಹಾಡು ರೆಕಾರ್ಡ್ ಆಗಿ ಬಂದವು. "ಎಷ್ಟನೇ ಸಲದ್ದು ಕಳಸ್ಲಿ?" ಎಂದು ಕೇಳಿದ ದಾಂಡೇಲಿಯ ಹುಡುಗಿಯದೂ ಅದರಲ್ಲೊಂದು. "ಇಪ್ಪತ್ಮೂರು ಸಲ ಹಾಡ್ಸೀನ್ರಿ. ಹದಿನೆಂಟನೇದಕ್ಕ ಅತ್ತುಬಿಟ್ಲು. ಆದ್ರೂ ಬಿಡಲಿಲ್ಲ ನಾನು" ಎಂದು ಅವಳ ತಾಯಿ ಹೆಮ್ಮೆಯಿಂದ ಹೇಳಿಕೊಂಡರು.

ಸಂಜೆ ಕಾರ್ಯಕ್ರಮ ನಡೆಯಿತು. ಅಜ್ಜ ಅಜ್ಜಿಯರು, ಊರೂರಿನ ಬಳಗದವರೆಲ್ಲ ಸಣ್ಣ ಸಣ್ಣ ಚೌಕಗಳಲ್ಲಿ ಕೂತಿದ್ದರು. ನಾನು ಪ್ರತಿ ಮಗುವಿನ ಹೆಸರು ಹೇಳಿ, "ಈಗ ಇವಳು ಹಾಡುತ್ತಾಳೆ" ಎನ್ನುತ್ತಿದ್ದೆ, ತಮ್ಮನ ಮಗ ರೆಕಾರ್ಡ್ ಹಚ್ಚುತ್ತಿದ್ದ. ಇಪ್ಪತ್ತಮೂರನೆಯ ಸಲದ ಹಾಡು ನಿಜಕ್ಕೂ ಚೆನ್ನಾಗಿತ್ತು. ಜರಿಲಂಗ, ಹಿಂದೆ ರೇಷ್ಮೆ ಪರದೆ, ಎಲ್ಲಿಯೂ ಸ್ವರ ಜಾರದ ಆಲಾಪ. "ಎಂಥ ಧೈರ್ಯ ಈ ಹುಡುಗೀದು! ಒಂಚೂರೂ ಅಳುಕಿಲ್ಲ" ಎಂದು ಹಿರಿಯರೊಬ್ಬರು ಮೆಚ್ಚಿದರು. ನಾನು ಸುಮ್ಮನೆ ನಕ್ಕೆ.

ಆಮೇಲೆ ಜೋಯಿಡಾದ ಹುಡುಗಿಯ ಸರದಿ. ಅವಳು ಹಾಡುವ ಮೊದಲು ತನ್ನ ಹೆಸರು, ಊರು ಹೇಳಿ, "ಇದು ಮೊದಲನೇ ಸಲದ್ದು. ಫೋನಿನಾಗ ಚಾರ್ಜ್ ಇಲ್ಲ, ಇನ್ನೊಮ್ಮೆ ಆಗೂದಿಲ್ಲ" ಎಂದಳು. ಯಾರೂ ಹೇಳಿಕೊಟ್ಟ ಮಾತಲ್ಲ ಅದು. ಭೂಪಾಲಿ ಹಿಡಿದಳು. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿತ್ತು. ನಡುವೆ ಗಾಂಧಾರ ಜಾರಿತು. ನಿಲ್ಲಿಸಿದಳು, ಉಸಿರು ತೆಗೆದುಕೊಂಡಳು, ಷಡ್ಜ ಹುಡುಕಿಕೊಂಡು ಮತ್ತೆ ಹೊರಟಳು. ನನ್ನ ಮೈ ಬೆವರಿತು. ಆ ಮಗು ಒಂದು ವಾಕ್ಯದಲ್ಲಿ ಹೇಳಿದ್ದನ್ನು ನಾನು ಎಂಟು ಸಲ ಮುಚ್ಚಿಟ್ಟಿದ್ದೆ. "ಈಗ ಹಾಡುತ್ತಾಳೆ" ಎಂದಿದ್ದೆನಲ್ಲ, ಆ "ಈಗ" ಎಂಬುದು ಸುಳ್ಳು.

ಈ ಕಥೆಯನ್ನು ಗೆಳತಿಯೊಬ್ಬಳಿಗೆ ಹೇಳಿದಾಗ ಅವಳು ನಕ್ಕುಬಿಟ್ಟಳು. "ಹೋಳಿಗೆ ಮಾಡುವಾಗ ಹರಿದದ್ದನ್ನು ನಾವು ತಿಂದು ಚೆನ್ನಾಗಿ ಬಂದದ್ದನ್ನು ಬಡಿಸುತ್ತೇವೆ. ಎಷ್ಟು ಹರಿದವು ಅಂತ ನೆಂಟರಿಗೆ ಲೆಕ್ಕ ಒಪ್ಪಿಸುತ್ತೇವೇನು?" ಎಂದಳು. ಮಾತು ಸರಿಯಾಗಿಯೇ ಇತ್ತು. ಮತ್ತೆ ಮತ್ತೆ ಹಾಡುವುದು ತಪ್ಪೆನ್ನುವಂತಿಲ್ಲ, ರಿಯಾಜ್ ಎಂದರೇ ಅದು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತು ಕಲಿತದ್ದು, ಹೇಳಿದ್ದನ್ನೇ ಮರಳಿ ಮರಳಿ ಹೇಳಿ ಗಂಟಲಿಗೆ ಇಳಿಸಿಕೊಳ್ಳುವ ವಿದ್ಯೆ.

ಯಂತ್ರದ ಮುಂದೆ ಹಾಡುವುದೂ ಹೊಸದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಎದುರಿಗೆ ರಸಿಕರ ಸಭೆಯಿರಲಿಲ್ಲ, ತುತ್ತೂರಿಯಂಥ ಕೊಳವೆಯೊಂದಿತ್ತು. ಮೂರು ನಿಮಿಷದ ಆಸುಪಾಸಿನಲ್ಲಿ ರಾಗ ಮುಗಿಸಬೇಕು. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ದೂರದ ಜರ್ಮನಿಯಲ್ಲಿ ತಟ್ಟೆ ತಯಾರಿಸುವವರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! ಮುಂದೆ ಅವರು ಮೈಸೂರಿಗೆ ಬಂದು ನೆಲೆಸಿ 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಆ ಒಂದು ಮಾತಿನಿಂದ ತಟ್ಟೆಯು ತಾನು ತಟ್ಟೆಯೆಂದು ತಾನೇ ಸಾರಿಕೊಂಡಂತಾಗುತ್ತಿತ್ತು. ಕೇಳಿದವರು ಯಾರೂ ಮೋಸಹೋಗಲಿಲ್ಲ.

ಹೋಳಿಗೆಗೂ ಹಾಡಿಗೂ ಇರುವ ವ್ಯತ್ಯಾಸ ನನಗೆ ತಡವಾಗಿ ಹೊಳೆಯಿತು. ಹೋಳಿಗೆ ಬಡಿಸುವವಳು ರುಚಿಯ ಮಾತು ಕೊಟ್ಟಿರುತ್ತಾಳೆ, ಒಂದೂ ಹರಿಯಲಿಲ್ಲ ಎಂದು ಹೇಳಿರುವುದಿಲ್ಲ. ಕಛೇರಿಗೆ ಕೂತವರು ಕೊಡುವ ಮಾತು ಬೇರೆ. ಈ ಹಾಡು ನಿಮ್ಮೆದುರಿಗೆ ಈಗಲೇ ಹುಟ್ಟುತ್ತಿದೆ, ಜಾರಿದರೆ ನೀವೂ ಕೇಳುತ್ತೀರಿ ಎಂಬ ಒಪ್ಪಂದ ಅದು. ಆ ಹಿರಿಯರು ಮೆಚ್ಚಿದ್ದು ಧೈರ್ಯವನ್ನು. ಹಾಡಿಗೆ ಬಂದ ಮೆಚ್ಚುಗೆ ಹುಡುಗಿಗೆ ಸಲ್ಲಬೇಕಾದದ್ದೇ, ಧೈರ್ಯಕ್ಕೆ ಬಂದದ್ದು ಮಾತ್ರ ಹೇಳದೆ ಪಡೆದ ಕಡ. ಅದರ ಬಡ್ಡಿ ಕಟ್ಟಬೇಕಾದದ್ದು ನಾನಾಗಲಿ ಅವಳ ತಾಯಿಯಾಗಲಿ ಅಲ್ಲ, ಆ ಮಗು. ಯಾಕೆಂದರೆ ಉಳಿದ ಇಪ್ಪತ್ತೆರಡು ಸಲ ಏನಾಯಿತೆಂದು ಅದಕ್ಕೆ ಗೊತ್ತು.

2022ರಲ್ಲಿ ಮತ್ತೆ ಸಭಾಭವನದಲ್ಲಿ ಸೇರಿದಾಗ ಆ ಬಡ್ಡಿಯನ್ನು ಕಣ್ಣಾರೆ ಕಂಡೆ. ಹನ್ನೆರಡು ತುಂಬಿದ ಹುಡುಗಿ ಚೆನ್ನಾಗಿಯೇ ಶುರುಮಾಡಿದಳು. ಒಂದು ತಾನ್ ತಪ್ಪಿತು. ಥಟ್ಟನೆ ನಿಲ್ಲಿಸಿ, ತಾಯಿ ಕೂತ ಕಡೆ ನೋಡಿ, "ಮತ್ತ ಮೊದಲಿಂದ ಹಾಡ್ಲೇನು?" ಎಂದು ಕೇಳಿಬಿಟ್ಟಳು. ಅಳಿಸುವವರು ಯಾರಾದರೂ ಇದ್ದಾರೆಂದು ಅವಳು ನಂಬಿದ್ದಳು. ಅವಳ ತುಟಿ ನಡುಗುತ್ತಿತ್ತು. ತಬಲಾದವರು ವಯಸ್ಸಾದವರು. ಅವರು ಕೈ ನಿಲ್ಲಿಸಲಿಲ್ಲ. ಠೇಕಾವನ್ನು ಸ್ವಲ್ಪ ಮೆತ್ತಗೆ ಮಾಡಿ, ಹುಡುಗಿಯ ಮುಖ ನೋಡುತ್ತ, ಒಂದು ಆವರ್ತನ ನುಡಿಸಿದರು, ಇನ್ನೊಂದು ನುಡಿಸಿದರು. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ. ಮೂರನೆಯದಕ್ಕೆ ಹುಡುಗಿ ಕಣ್ಣುಮುಚ್ಚಿ ಸಮಕ್ಕೆ ಬಂದಳು.

ಫೋನಿನ ಕಾರ್ಯಕ್ರಮದಲ್ಲಿ ನಮಗೆ ಏನು ತಪ್ಪಿಹೋಗಿತ್ತೆಂದು ನನಗೆ ಅಂದು ತಿಳಿಯಿತು. ಧ್ವನಿಯಂತೂ ಬರುತ್ತಿತ್ತು, ಮುಖವೂ ಕಾಣುತ್ತಿತ್ತು. ತಪ್ಪಿದಾಗ ಕಾಯುವವರು ಇರಲಿಲ್ಲ. ಕ್ಷಣದ ಒಂದು ಪಾಲು ತಡವಾದರೆ ಕಾಯುವುದಕ್ಕೂ ಬರುವುದಿಲ್ಲ. ನಾಲ್ಕು ಜನರೆದುರು ಎಡವಿ, ಅವರು ಕಾದುದರಿಂದ ಎದ್ದು ನಡೆದ ಮಗುವಿಗೆ ಬರುವ ಧೈರ್ಯ ಇಪ್ಪತ್ತಮೂರು ಸಲ ಅಳಿಸಿ ಹಾಡಿದರೂ ಬರಲಾರದು.

ಹಾಗೆಂದು ಫೋನನ್ನು ಬೈದು ಈ ಮಾತು ಮುಗಿಸಿದರೆ ಇನ್ನೊಬ್ಬಳಿಗೆ ಅನ್ಯಾಯವಾದೀತು. ಸಭಾಭವನದ ಕಾಲದಲ್ಲಿ ಜೋಯಿಡಾದ ಹುಡುಗಿ ಯಾವಾಗಲೂ ಮೊದಲು ಹಾಡುತ್ತಿದ್ದಳು, ಕೊನೆಯ ಬಸ್ಸು ತಪ್ಪಬಾರದಲ್ಲ. ಆಗಿನ್ನೂ ಅರ್ಧ ಕುರ್ಚಿ ಖಾಲಿ, ನಾನು ಶಿರಾದ ಪಾತ್ರೆ ಬಂತೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತಿರುತ್ತಿದ್ದೆ. ಅವಳ ಹಾಡನ್ನು ಪೂರ್ತಿ ಕೇಳಿದ್ದು ಅದೇ ಮೊದಲು, 2020ರ ಆ ಮಳೆಯ ಸಂಜೆ. "ಎದುರಿಗೇ ಹಾಡಬೇಕು" ಎಂದು ನಿಯಮ ಮಾಡುವುದು ಪೇಟೆಯಲ್ಲಿರುವವರಿಗೆ ಸುಲಭ. ಬಸ್ಸಿನ ವೇಳೆ, ಗುಡ್ಡದ ಸಿಗ್ನಲ್, ಮನೆಯ ಕರೆಂಟು ಎಲ್ಲರಿಗೂ ಒಂದೇ ಇರುವ ತನಕ ಅಂಥ ನಿಯಮವೂ ಒಂದು ಬಗೆಯ ಸುಳ್ಳೇ.

ಈಗ ನಾವು ಎರಡನ್ನೂ ಇಟ್ಟುಕೊಂಡಿದ್ದೇವೆ. ಗುರುಪೂರ್ಣಿಮೆ ಸಭಾಭವನದಲ್ಲೇ ನಡೆಯುತ್ತದೆ. ಬರಲಾಗದವರು ಹಾಡು ಕಳಿಸಬಹುದು, ಎಷ್ಟು ಸಲ ಹಾಡಿದ್ದೆಂದು ಮೊದಲಿಗೆ ತಾವೇ ಹೇಳಬೇಕು, ಅಷ್ಟೇ. ಜೋಯಿಡಾದ ಹುಡುಗಿಯನ್ನು ನಡುವೆ ಹಾಡಿಸುತ್ತೇನೆ. ಅಂದು ರಾತ್ರಿ ಅವಳು ನಮ್ಮ ಮನೆಯಲ್ಲಿ ಉಳಿಯುತ್ತಾಳೆ. ಇಷ್ಟು ಸರಳವಾದದ್ದು ನನಗೆ ಮೊದಲೇ ಯಾಕೆ ಹೊಳೆದಿರಲಿಲ್ಲ ಎಂದು ನಾಚಿಕೆಯಾಗುತ್ತದೆ.

ದಾಂಡೇಲಿಯ ಹುಡುಗಿಗೆ ಒಮ್ಮೆ ಈ ವಿಷಯ ಹೇಳಿ, ಅವತ್ತು ಫೋನಿನಲ್ಲಿ ಅವಳಿಗೆ ಸರಿಯಾದ ಉತ್ತರ ಕೊಡಲಿಲ್ಲವೆಂದು ಒಪ್ಪಿಕೊಂಡೆ. ಅವಳು ಸ್ವಲ್ಪ ಯೋಚಿಸಿ, "ಇಪ್ಪತ್ಮೂರನೇದು ಅಂತ ಹೇಳಿದ್ರ ಯಾರೂ ಚಪ್ಪಾಳಿ ಹೊಡೀತಿದ್ದಿಲ್ಲರಿ ಅಕ್ಕೋರೆ" ಎಂದಳು.

"ಇಪ್ಪತ್ಮೂರು ಸಲ ಹಾಡಿದ್ದಕ್ಕ ನಾ ಹೊಡೀತಿದ್ದೆ" ಎಂದೆ.

ನಂಬಿದಳೋ ಇಲ್ಲವೋ ತಿಳಿಯದು. ತಂಬೂರಿಯ ತಂತಿ ಸರಿಮಾಡುತ್ತ ಕೂತಳು.