ಕೋವಿಯ ಲೆಕ್ಕ ಎಲ್ಲಿಗೆ ನಿಲ್ಲುತ್ತದೆ?

ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ ವಿಂಚೆಸ್ಟರ್ ಕಂಪನಿಯ ಹಳೆಯ ಲೆಡ್ಜರುಗಳಿವೆ. ಹಳೆಯ ಕೋವಿಯೊಂದು ಕೈಗೆ ಬಂದವರು ಅದರ ಕ್ರಮಸಂಖ್ಯೆ ಬರೆದು ಶುಲ್ಕ ಕಟ್ಟಿದರೆ, ದಾಖಲೆ ಉಳಿದಿದ್ದಲ್ಲಿ, ಒಂದು ಪತ್ರ ಬರುತ್ತದೆ: ಯಾವ ಕ್ಯಾಲಿಬರ್, ನಳಿಗೆ ದುಂಡೋ ಎಂಟು ಮೂಲೆಯದೋ, ಗೋದಾಮಿನಿಂದ ಹೊರಬಿದ್ದ ದಿನ ಯಾವುದು. ಹಳೆಯ ದಾಖಲೆಗಳನ್ನೇ ನೆಚ್ಚಿಕೊಂಡು ಸಂಶೋಧನೆ ಮಾಡುವ ನನಗೆ ಇಷ್ಟು ಖಚಿತವಾದ ಜಾತಕ ಕಂಡರೆ ಹೊಟ್ಟೆಕಿಚ್ಚೇ ಆಗುತ್ತದೆ. ಆದರೆ ಆ ಜಾತಕ ಹುಟ್ಟಿದ ದಿನಕ್ಕೇ ಮುಗಿಯುತ್ತದೆ. ಬಾಗಿಲು ದಾಟಿದ ಕೋವಿ ಏನು ಮಾಡಿತು ಎಂಬ ಅಂಕಣ ಅಲ್ಲಿಲ್ಲ. ಅಲ್ಲಿಗೇ ನಿಂತುಬಿಡುವ ತಿಳಿವಳಿಕೆಯನ್ನು ಮುಗ್ಧವೆನ್ನಬಹುದೇ?

ಟ್ರಿಗರಿನ ಸುತ್ತ ಬಳೆಯಂತಿರುವ ಸನ್ನೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಖಾಲಿ ತೋಟಾ ಹೊರಗೆ, ಹೊಸದು ಒಳಗೆ. ಲಿವರ್ ಆಕ್ಷನ್ ಅಂದರೆ ಇಷ್ಟೇ. 1860ರಲ್ಲಿ ಬೆಂಜಮಿನ್ ಟೈಲರ್ ಹೆನ್ರಿ ಪೇಟೆಂಟ್ ಪಡೆದ ರೈಫಲ್ಲು ಹೆಚ್ಚೆಂದರೆ 14,000 ತಯಾರಾಯಿತು. ಅದಕ್ಕೆ ದುಡ್ಡು ಹಾಕಿದ್ದ ಆಲಿವರ್ ವಿಂಚೆಸ್ಟರ್ ಮೊದಲು ಅಂಗಿ ಹೊಲಿಸಿ ಮಾರುತ್ತಿದ್ದವನು. ಮುಂದೆ ಅವನದೇ ಹೆಸರಿನಲ್ಲಿ ಬಂದ 1873ರ ಮಾದರಿ 7 ಲಕ್ಷ ದಾಟಿತು. ಜಾನ್ ಬ್ರೌನಿಂಗ್ ರೂಪಿಸಿದ 1894ರ ಮಾದರಿ, 2006ರಲ್ಲಿ ನ್ಯೂ ಹೇವನ್ ಕಾರ್ಖಾನೆ ಮುಚ್ಚುವ ಹೊತ್ತಿಗೆ 70 ಲಕ್ಷ ದಾಟಿತ್ತು.

ವಸ್ತುವಿಗೆ ಪಾಪಪುಣ್ಯವಿಲ್ಲ, ಎಲ್ಲ ಹಿಡಿದ ಕೈಯದು ಎಂಬ ವಾದವೊಂದಿದೆ. ಕ್ಯಾಲಿಬರುಗಳನ್ನು ನೋಡುತ್ತ ಹೋದಂತೆ ಆ ವಾದ ನನಗೆ ಸಡಿಲವಾಗಿ ಕಾಣುತ್ತದೆ. 1873ರದಕ್ಕೆ ಹೆಸರು ತಂದ ತೋಟಾ .44-40. ಹೆಸರಿನ ಮೊದಲ ಸಂಖ್ಯೆ ಗುಂಡಿನ ಅಡ್ಡಳತೆ, ಎರಡನೆಯದು ಕಪ್ಪುಮದ್ದಿನ ತೂಕ: 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಗುಂಡು ಸುಮಾರು 13 ಗ್ರಾಂ. ಅದೇ ಕಾಲದ ಸೈನ್ಯದ .45-70 ರೈಫಲ್ಲಿನ ಗುಂಡು ಇದರ ಎರಡರಷ್ಟು ತೂಗುತ್ತಿತ್ತು. ಬಯಲಿನ ಬೈಸನ್ ಕೋಣಕ್ಕೆ .44-40 ಸಾಲದು. ಜಿಂಕೆಗೆ ಸಾಕು, ಮನುಷ್ಯನಿಗೆ ಧಾರಾಳ ಸಾಕು. ದೊಡ್ಡ ಮೃಗಗಳಿಗೆಂದೇ 1876ರಲ್ಲಿ ಬೇರೆ ಮಾದರಿ ತಂದರು, .45-75. ಎಂದರೆ 'ಎಷ್ಟು ದೊಡ್ಡ ಮೈಯನ್ನು ಉರುಳಿಸಬೇಕು?' ಎಂಬ ಪ್ರಶ್ನೆಯನ್ನು ಕಾರ್ಖಾನೆಯೊಳಗೇ ಕೇಳಿ, ಉತ್ತರವನ್ನು ಅಂಕಿಯಲ್ಲಿ ಬರೆದಿಟ್ಟಿದ್ದಾರೆ. ಲೆಡ್ಜರಿನಲ್ಲಿ ಇಲ್ಲವೆಂದ ಅಂಕಣ ಅರ್ಧ ಅಲ್ಲೇ ಇದೆ.

ಹಾಗೆಂದು ಕೋವಿಯನ್ನೇ ಅಪರಾಧಿಯಾಗಿ ನಿಲ್ಲಿಸುವುದಕ್ಕೂ ಚರಿತ್ರೆ ಬಿಡುವುದಿಲ್ಲ. 'ಪಶ್ಚಿಮವನ್ನು ಗೆದ್ದ ಕೋವಿ' ಎಂದು ಕಂಪನಿ ಜಾಹೀರಾತು ಹಾಕಿತು. ಯಾರಿಂದ ಗೆದ್ದದ್ದು ಎಂದು ಅದರಲ್ಲಿಲ್ಲ. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್‌ನಲ್ಲಿ ಕಸ್ಟರನ ಸೈನಿಕರ ಕೈಯಲ್ಲಿದ್ದುದು ಒಂದೊಂದೇ ಗುಂಡು ತುಂಬುವ ಸ್ಪ್ರಿಂಗ್‌ಫೀಲ್ಡ್. ಹೆನ್ರಿ, ವಿಂಚೆಸ್ಟರುಗಳಿದ್ದದ್ದು ಲಕೋಟಾ, ಶಾಯೆನ್ ಯೋಧರಲ್ಲಿ, ಅದೂ ಎಲ್ಲರಲ್ಲಲ್ಲ. ಬಿಲ್ಲು ಹಿಡಿದವರೂ ಬಹಳ. 1983ರಲ್ಲಿ ಅಲ್ಲಿನ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬರಿದಾಯಿತು. ಮರುವರ್ಷ ಡಗ್ಲಾಸ್ ಸ್ಕಾಟ್ ಮತ್ತು ಸಂಗಡಿಗರು ಲೋಹಶೋಧಕ ಹಿಡಿದು ನಡೆದರು. ಖಾಲಿ ತೋಟಾಗಳ ತಳದ ಮೇಲೆ ಫೈರಿಂಗ್ ಪಿನ್ ಒತ್ತಿದ ಗುರುತುಗಳನ್ನು ಹೋಲಿಸಿ, ಒಂದೇ ಕೋವಿ ಬಯಲಲ್ಲಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಗುರುತಿಸಿದರು. ಲೆಡ್ಜರ್ ನಿಂತ ಜಾಗದಿಂದ ಮಣ್ಣು ಲೆಕ್ಕ ಮುಂದುವರಿಸಿತ್ತು. ಆ ಯುದ್ಧ ಗೆದ್ದವರ ಬ್ಲ್ಯಾಕ್ ಹಿಲ್ಸ್ ಎಂಟೇ ತಿಂಗಳಲ್ಲಿ ಹೋಯಿತು. 1877ರ ಫೆಬ್ರವರಿಯ ಒಂದು ಕಾಯಿದೆಯಿಂದ, ಕಾಗದದ ಮೇಲೆ.

ಸಾವುಗಳ ಲೆಕ್ಕವನ್ನು ಜನ ಇನ್ನೊಂದು ಕಡೆ ಬರೆದರು. ಆಲಿವರನ ಮಗ ವಿಲಿಯಂ 1881ರಲ್ಲಿ ತೀರಿಕೊಂಡ. ಅವನ ಹೆಂಡತಿ ಸಾರಾ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮನೆಯೊಂದನ್ನು ವರ್ಷಾನುಗಟ್ಟಲೆ ಕಟ್ಟಿಸುತ್ತ ಹೋದಳು. ಕೋವಿಗೆ ಬಲಿಯಾದವರ ದೆವ್ವಗಳಿಗೆ ಹೆದರಿ ಕಟ್ಟಿಸಿದಳೆಂದು ಕತೆ ಹುಟ್ಟಿತು. ಕತೆಗೆ ಆಧಾರವಿಲ್ಲ, ಆದರೂ ಇವತ್ತಿಗೂ ಅದನ್ನು ಕೇಳಲು ಟಿಕೆಟ್ಟು ಕೊಂಡು ಜನ ಆ ಮನೆಗೆ ಹೋಗುತ್ತಾರೆ. ಒಂದೂ ಕೋವಿ ಮಾಡದ ವಿಧವೆಯ ಮನೆಗೆ ಸತ್ತವರೆಲ್ಲ ಬಂದರಂತೆ. ಕಂಪನಿಯ ನಿರ್ದೇಶಕರ ಮನೆಗೆ, ಕ್ಯಾಲಿಬರ್ ಆರಿಸಿದವರ ಮನೆಗೆ ಒಂದು ದೆವ್ವ ಹೋದ ಕತೆಯನ್ನೂ ನಾನು ಎಲ್ಲೂ ಓದಿಲ್ಲ.