ವಂಶದ ನೋವು, ಒಬ್ಬರ ಮಂಡಿ

ಅಡಿಕೆ ಸುಗ್ಗಿಯಲ್ಲಿ ಚನ್ನಗಿರಿ ಕಡೆಯ ಅಂಗಳಗಳಲ್ಲಿ ಮಂಡಿನೋವಿನ ಮಾತು ಸಾಮಾನ್ಯ. ಹೊನ್ನಾಳಿ, ನ್ಯಾಮತಿಯವರು ವಯಸ್ಸನ್ನೋ ಗದ್ದೆ ಕೆಲಸವನ್ನೋ ದೂರುತ್ತಾರೆ. ಜಗಳೂರಿನವರು ಬೋರ್‌ವೆಲ್ ನೀರನ್ನು ದೂರುತ್ತಾರೆ; ಫ್ಲೋರೈಡ್ ಕಾಡಿದ ಸೀಮೆ, ಆ ದೂರಿನಲ್ಲಿ ಹುರುಳಿದೆ. ಆದರೆ ಮನೆಮಂದಿಯೆಲ್ಲ ಗಿಡ್ಡಗಿದ್ದು, ಇಪ್ಪತ್ತು ಮೂವತ್ತಕ್ಕೇ ಕೀಲು ಸವೆದವರ ಮಾತು ಬಂದರೆ, ಅದು ವಂಶದಿಂದ ಬಂದದ್ದು ಎಂದು ಸುಮ್ಮನಾಗುತ್ತೇವೆ. ಕಾರಣ ತಿಳಿದ ಕೂಡಲೇ ರೋಗಿಯತ್ತ ನೋಡುವುದನ್ನೇ ಬಿಡುವ ಈ ರೂಢಿ ನನ್ನನ್ನು ಬಹಳ ಕಾಡಿದೆ.

ಚನ್ನಗಿರಿ, ಹೊನ್ನಾಳಿಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಅದೇ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಕೃಷಿ ಕೂಲಿಗಳ ಮನೆಗಳಲ್ಲಿ ಸೊಂಟ, ಮಂಡಿಗಳ ನೋವು ಬೆಳಕಿಗೆ ಬಂತು. ಕೆಲವರು ಕೂತರೆ ಏಳಲಾರರು, ಕೆಲವರು ಬೆಳೆಯಲೇ ಇಲ್ಲ. ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಅಲ್ಲಿನ ಏಡಿ ತಿಂದದ್ದರ ಮೇಲೆ ಮೊದಲು ಅನುಮಾನ ಹೋಯಿತು. ಮುಂದಿನ ಅಧ್ಯಯನಗಳು ಇದನ್ನು ಮೂಳೆಯ ಬೆಳವಣಿಗೆಯಲ್ಲೇ ಇರುವ ಆನುವಂಶಿಕ ದೋಷವೆಂದು ಗುರುತಿಸಿದವು: ಹೆತ್ತವರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ವಂಶಾವಳಿ ಬರೆದದ್ದಾಯಿತು. ಆದರೆ ಬೆಳಿಗ್ಗೆ ಏಳಲು ಗೋಡೆ ಹಿಡಿಯಬೇಕಾದ ಒಬ್ಬೊಬ್ಬರ ಕಷ್ಟ ವಂಶಾವಳಿಯಲ್ಲಿ ಕಾಣುವುದಿಲ್ಲ.

ಇಂಥವರಿಗೆ ಮಂಡಿ ಬದಲಾವಣೆ ಆಗುವುದೇ ಇಲ್ಲವೆಂಬುದು ತಪ್ಪು. ಆಗುತ್ತದೆ, ಆದರೆ ಎಲ್ಲರಿಗೆ ಮಾಡುವಂತೆ ಮಾಡಲಾಗದು. ತೊಡೆಮೂಳೆ ಬಾಗಿರಬಹುದು, ಮೂಳೆ ತೀರ ಚಿಕ್ಕದಿರಬಹುದು. ಸಿದ್ಧ ಅಳತೆಯ ಇಂಪ್ಲಾಂಟ್ ಕೂರದೆ, ಆ ವ್ಯಕ್ತಿಗೆಂದೇ ಮಾಡಿಸಬೇಕಾಗಬಹುದು. ಸರ್ಕಾರ 2017ರಲ್ಲಿ ಮಂಡಿ ಇಂಪ್ಲಾಂಟ್‌ಗಳ ಬೆಲೆಗೆ ಮಿತಿ ಹಾಕಿದ್ದು ಒಳ್ಳೆಯದೇ, ಆದರೆ ಅಳತೆ ಹೊಂದದಿದ್ದರೆ ಅಗ್ಗವಾಗಿ ಏನು ಬಂತು? ಸೊಂಟದ ಕೀಲು ಕೆಟ್ಟಿದ್ದರೆ ಅದರ ನೋವೇ ಮಂಡಿಯಲ್ಲಿ ಕಾಣಿಸಿಕೊಳ್ಳಬಹುದು. ಅದಕ್ಕೇ ಸೊಂಟದಿಂದ ಹಿಮ್ಮಡಿಯವರೆಗೆ ಇಡೀ ಕಾಲಿನ ಎಕ್ಸ್‌ರೇ ಬೇಕು. ಕುತ್ತಿಗೆಯ ಮೂಳೆ ಸಡಿಲವಿದ್ದರೆ, ಅರಿವಳಿಕೆ ಕೊಡಲು ತಲೆ ಹಿಂದಕ್ಕೆ ಬಾಗಿಸುವುದೇ ಅಪಾಯ. ಅದನ್ನೂ ಮೊದಲೇ ನೋಡಬೇಕು. ಚಿಕ್ಕ ವಯಸ್ಸಿನಲ್ಲೇ ಮಾಡಿಸಿಕೊಂಡವರಿಗೆ ಮುಂದೊಂದು ದಿನ ಮರು ಆಪರೇಷನ್ ಬೇಕಾದೀತು ಎಂಬ ಲೆಕ್ಕವೂ ಇದೆ. ಇಷ್ಟೆಲ್ಲ ನೋಡುವ ವೈದ್ಯರಿಗೆ ವಂಶದ ವಿವರ ಕೊನೆಯ ಮಾತಲ್ಲ, ಮೊದಲ ಸುಳಿವು. ನಾವು ಮಾತು ಮುಗಿಸುವ ಕಡೆಯಿಂದಲೇ ಅವರು ಕೇಳಲು ತೊಡಗುತ್ತಾರೆ.

ಇನ್ನು ಮನೆಗೆ ಬಂದ ಮೇಲಿನದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಎತ್ತರದ ವಯಸ್ಕರನ್ನು ಕುಬ್ಜತೆಯ ವಿಭಾಗದಲ್ಲಿ ಸೇರಿಸಿದೆ; ಅಂಗವೈಕಲ್ಯದ ಪ್ರಮಾಣಪತ್ರ ಸಿಗುತ್ತದೆ. ಆದರೆ ಮನೆಯೊಳಗಿನ ಅಳತೆಗಳು ಅದರಿಂದ ಬದಲಾಗುವುದಿಲ್ಲ. ಮಂಡಿ ಬದಲಾದವರು ಕುಕ್ಕರಗಾಲಲ್ಲಿ ಕೂರಬಾರದು, ಕಮೋಡ್ ಬಳಸಿ ಎನ್ನುತ್ತಾರೆ. ಸಾಮಾನ್ಯ ಎತ್ತರದ ಕಮೋಡಿನ ಮೇಲೆ ನಾಲ್ಕಡಿಯವರ ಕಾಲು ನೆಲಕ್ಕೆ ತಾಗದು. ಏಳುವಾಗ ಒತ್ತಲು ನೆಲವೇ ಇಲ್ಲ. ವಾಕರ್ ಹಿಡಿ ಎದೆಮಟ್ಟಕ್ಕೆ ಬರುತ್ತದೆ. ಆಪರೇಷನ್ ದಿನ ಗೊತ್ತುಮಾಡುವ ಮೊದಲು ಊರಿನ ಬಡಗಿಯನ್ನು ಕರೆದು, ಕಾಲಿಗೆ ಒಂದು ಮೆಟ್ಟಿಲು, ಗೋಡೆಗೆ ಅವರ ಕೈ ಎಟುಕುವ ಎತ್ತರದಲ್ಲಿ ಹಿಡಿಕೆ ಮಾಡಿಸಬೇಕು. ಆ ಅಳತೆ ಕೊಡಬೇಕಾದವರು ಅದನ್ನು ಬಳಸುವವರೇ.