ಮಕ್ಕಳ ಊಟ ಮುಗಿಯಲಿ



ಈ ಸಲ ಮಳೆ ಕೈಕೊಟ್ಟಿದೆ. ಬಿತ್ತಿದ ರಾಗಿ ಬಾಡುತ್ತಿದೆ, ಯಾರ ಮನೆ ಜಗಲಿಯಲ್ಲಿ ಕೂತರೂ ಸಾಲದ್ದೇ ಮಾತು. ಮೊನ್ನೆ ದಾಸೋಹದಲ್ಲಿ ಬಡಿಸುತ್ತಿದ್ದ ತಾಯಿಯೊಬ್ಬರು ಬಂದು ಕೇಳಿದರು: "ಬುದ್ಧೀ, ದಿನಾ ಬಂದು ಬಡಿಸ್ತೀನಿ, ಪೂಜೆಗೂ ಕೂರ್ತೀನಿ. ಆದ್ರೆ ಒಳಗೆ ಏನೂ ಇಲ್ಲ, ಬರಿದಾಗೋಗಿದೆ. ಹಿಂಗಿದ್ಕೊಂಡು ಮಾಡೋ ಸೇವೆ ಶಿವನಿಗೆ ಮುಟ್ಟುತ್ತಾ?"

ಮುಟ್ಟುತ್ತದೆ ತಾಯೀ. ಯಾಕೆ ಅಂತ ಹೇಳುತ್ತೇನೆ.

ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳನ್ನು ನೆನೆಯಿರಿ. ಮಾಗಡಿ ಸೀಮೆಯ ವೀರಾಪುರದ ಶಿವಣ್ಣ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗ. ಮಠಕ್ಕೆ ಉತ್ತರಾಧಿಕಾರಿ ಅಂತ ನಿಶ್ಚಯವಾಗಿದ್ದವರು ಮರುಳಾರಾಧ್ಯರು. ಅವರು ಅಕಾಲದಲ್ಲಿ ಲಿಂಗೈಕ್ಯರಾದರು. ಆ ಶೋಕದ ನಡುವೆಯೇ ಮಠಾಧಿಪತಿ ಉದ್ಧಾನ ಶಿವಯೋಗಿಗಳ ದೃಷ್ಟಿ ಶಿವಣ್ಣನ ಮೇಲೆ ಬಿತ್ತು; 1930ರಲ್ಲಿ ದೀಕ್ಷೆಯಾಯಿತು. 1941ರಲ್ಲಿ ಗುರುಗಳೂ ಲಿಂಗೈಕ್ಯರಾಗಿ, ಮಠದ ಇಡೀ ಹೊಣೆ ಹೆಗಲಿಗೆ ಬಂತು. ಆಗ ಎರಡನೇ ಮಹಾಯುದ್ಧದ ಕಾಲ, ಎಲ್ಲೆಡೆ ಧಾನ್ಯದ ಅಭಾವ. ಯುದ್ಧ ಮುಗಿಯಲಿ ಅಂತ ಮಠದಲ್ಲಿ ಓದುತ್ತಿದ್ದ ಮಕ್ಕಳ ಹೊಟ್ಟೆ ಕಾಯುತ್ತದೆಯೇ? ಸ್ವಾಮಿಗಳು ಭಿಕ್ಷೆಗೆ ಹೊರಟರು. ಹಳ್ಳಿಹಳ್ಳಿ ತಿರುಗಿ ಭಕ್ತರು ಕೊಟ್ಟ ರಾಗಿ, ಕಾಳು ಮಠಕ್ಕೆ ತಂದರು.

ಅವರ ಅಂತರಂಗದಲ್ಲಿ ಆಗ ಏನಿತ್ತೋ, ಅದು ಅವರಿಗೂ ಅವರ ಇಷ್ಟಲಿಂಗಕ್ಕೂ ಗೊತ್ತು. ನಮಗೆ ಕಾಣುವುದು ಇಷ್ಟು: ಸಂಜೆಗೆ ಮುದ್ದೆ ಬೇಯಬೇಕಿತ್ತು, ಅವರು ರಾಗಿ ಹುಡುಕಿಕೊಂಡು ನಡೆದರು. ನಂಬಿಕೆ ಗಟ್ಟಿಯಾದ ಮೇಲೆ ಸೇವೆಗೆ ಇಳಿಯೋಣ ಅಂತ ಕೂತಿದ್ದರೆ ಆ ರಾತ್ರಿ ಮಕ್ಕಳು ಹಸಿದು ಮಲಗುತ್ತಿದ್ದರು.

ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಸೆರಗಿನಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ. ಲಕ್ಕಮ್ಮ ನೋಡಿದಳು, ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲೇ ಚೆಲ್ಲಿ ಬಾ ಅಂತ ಗಂಡನನ್ನು ವಾಪಸು ಕಳಿಸಿದಳು. ಮನೆಯಲ್ಲಿ ನಾಳೆಗೆ ಕಾಳಿಲ್ಲದ ಹೆಣ್ಣುಮಗಳ ಧೈರ್ಯ ಅದು! ಬಡತನದಲ್ಲಿ ಇದ್ದೂ ಇಂಥ ಮಾತು ಆಡಬೇಕಾದರೆ ಶಿವನ ಮೇಲೆ ಎಷ್ಟು ಭರವಸೆ ಇರಬೇಕು. ನಂಬಿಕೆಯೂ ಆ ಅಕ್ಕಿಯ ಹಾಗೆಯೇ ತಾಯೀ. ವರ್ಷಕ್ಕಾಗುವಷ್ಟು ಕಣಜ ತುಂಬಿಕೊಂಡು ಯಾರೂ ಸೇವೆಗೆ ಬರುವುದಿಲ್ಲ. ಇವತ್ತಿಗೆ ಬೇಕಾದಷ್ಟು ಇವತ್ತು ಕೈಗೆ ಸಿಗುತ್ತದೆ, ಅದೂ ಬಗ್ಗಿ ಆಯ್ದವರಿಗೆ. ಬರಿದಾಗಿದೆ ಅನ್ನುತ್ತಲೇ ನೀವು ಬಡಿಸಲು ಬಂದಿರಲ್ಲ, ಆ ಬಂದದ್ದರಲ್ಲೇ ಇವತ್ತಿನ ಪಾಲಿನ ನಂಬಿಕೆ ಇದೆ.

ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದರು. 111 ವರ್ಷದ ಜೀವ. ಮಕ್ಕಳ ಊಟ ಮುಗಿಯುವವರೆಗೆ ಸುದ್ದಿ ಹೊರಗೆ ಹೇಳಬೇಡಿ ಅಂತ ಮೊದಲೇ ತಿಳಿಸಿದ್ದರಂತೆ. ಮಠದ ಸಾವಿರಾರು ಮಕ್ಕಳು ಉಂಡೆದ್ದ ಮೇಲೆಯೇ ನಾಡಿಗೆ ಸುದ್ದಿ ತಿಳಿಯಿತು. ಕೊನೆಯ ಗಳಿಗೆಗೂ ಅವರ ಚಿಂತೆ ಪಂಕ್ತಿಯದ್ದು.

ನಾಳೆ ಸೋಮವಾರ, ದಾಸೋಹಕ್ಕೆ ಜನ ಹೆಚ್ಚು ಬರುತ್ತಾರೆ. ಅಕ್ಕಿ ಆರಿಸಲು, ತರಕಾರಿ ಹೆಚ್ಚಲು ಕೈ ಸಾಲದು ಅಂತ ಅಡುಗೆಯವರು ಹೇಳಿ ಕಳಿಸಿದ್ದಾರೆ. ಬೆಳಗ್ಗೆ ಆರಕ್ಕೆ ಬನ್ನಿ. ಮನಸ್ಸು ತುಂಬಿದವರೂ ಬನ್ನಿ, ಬರಿದಾದವರೂ ಬನ್ನಿ. ಈಳಿಗೆ ಮಣೆ ಇರುವವರು ಜೊತೆಗೆ ತನ್ನಿ.